ಎರಡೂವರೆ ತಾಸು

ಸುದ್ದಿ ಬಂದದ್ದು ಬಕ್ರೀದಿನ ದಿನ, ಈದಗಾದಲ್ಲಿ ನಮಾಜು ಮುಗಿದು ಜನರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದ ಹೊತ್ತಿನಲ್ಲಿ. ಆಷಾಢದ ಮೋಡ ಬ್ಯಾಡಗಿಯ ಮೇಲೆ ತಗ್ಗಿ ನಿಂತಿತ್ತು, ಮಳೆ ಇರಲಿಲ್ಲ. ಶಮಶೇರಸಾಬ ಚಾಪೆ ಮಡಚಿ ಬಗಲಲ್ಲಿ ಇಟ್ಟುಕೊಂಡು ಎದುರು ಬಂದವರನ್ನೆಲ್ಲ ಮೂರು ಮೂರು ಸಲ ಅಪ್ಪಿ ಮುಬಾರಕ್ ಹೇಳುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಪೇಟೆಯ ಮಸೀದಿಯಲ್ಲಿ ಐದು ಹೊತ್ತು ಬಾಂಗು ಕೊಡುವವನು ಅವನು. ಊರಿನಲ್ಲಿ ಅವನ ಮುಖಕ್ಕಿಂತ ದನಿಯನ್ನು ಬಲ್ಲವರೇ ಹೆಚ್ಚು. ಹೆಂಡತಿ ಸೈದಾಬಿ ಹಜ್ಜಿಗೆ ಹೋಗಿದ್ದಾಳೆಂದು ಈ ಸಲ ಜನ ಅವನನ್ನು ಸ್ವಲ್ಪ ಬಿಗಿಯಾಗಿಯೇ ಅಪ್ಪಿಕೊಳ್ಳುತ್ತಿದ್ದರು. ಆಗ ಮೆಣಸಿನಕಾಯಿ ದಲಾಲಿ ಅಂಗಡಿಯ ಡಾಕಪ್ಪ ಸೈಕಲ್ಲನ್ನು ಗೋಡೆಗೆ ಆನಿಸಿ, ಒಳಗೆ ಬರಲು ಚಪ್ಪಲಿ ಕಳೆಯಬೇಕೋ ಬೇಡವೋ ತಿಳಿಯದೆ ಅಂಚಿನಲ್ಲೇ ನಿಂತು ಕೈಸನ್ನೆ ಮಾಡಿದ. ಹಬ್ಬದ ಅರಿವೆ ಹಾಕಿದ ಅಷ್ಟು ಜನರ ನಡುವೆ ಅವನ ಮಾಸಿದ ಅಂಗಿಯನ್ನು ಕಂಡ ಕೂಡಲೇ ಶಮಶೇರಸಾಬನಿಗೆ ಯಾರೋ ಬೆನ್ನ ಹಿಂದೆ ಬಂದು ನಿಂತ ಹಾಗೆನಿಸಿತು.

"ಸಾಹೇಬ್ರ, ಒಂದೀಟು ಈ ಕಡೆ ಬರ್ರಿ," ಎಂದ ಡಾಕಪ್ಪ. "ರಾಣೇಬೆನ್ನೂರಿಂದ ಫೋನ್ ಬಂದಿತ್ರೀ. ಬೀಜದ ಅಂಗಡಿ ಮೈಲಾರೆಪ್ಪ ಮಾಡಿದ್ದ. ನಿಮ್ಮ ಮನಿಯವ್ರ ತಮ್ಮ, ಹನೀಫಣ್ಣ, ಮಕ್ಕಾದಿಂದ ಅವನ ಅಂಗಡಿಗೆ ಹಚ್ಚಿದ್ನಂತ. ಅಮ್ಮಾರು ಮೊನ್ನೆ ರಾತ್ರಿ ತೀರಿಕೊಂಡ್ರಂತ್ರೀ."

ಶಮಶೇರಸಾಬ ಚಾಪೆಯನ್ನು ಬಲ ಬಗಲಿನಿಂದ ಎಡ ಬಗಲಿಗೆ ಬದಲಿಸಿದ.

"ಮಣ್ಣೂ ಅಲ್ಲೇ ಆಗೇತಂತ್ರೀ," ಡಾಕಪ್ಪ ನೆಲ ನೋಡುತ್ತ ಒಪ್ಪಿಸಿದ. "ಹೋಗೂ ಮುಂದ ಬಾಯಾಗ ಝಮ್‌ಝಮ್ ನೀರು ಬಿತ್ತಂತ. ಹನೀಫಣ್ಣ ತನ್ನ ಕೈಲೆ ಹಾಕ್ಯಾನಂತ. ಅದನ್ನ ಮಾತ್ರ ಮರೀದ ಹೇಳ್ರಿ ಅಂದಾನಂತ್ರೀ. ಸಂಜಿ ಐದಕ್ಕ ಮತ್ತ ಫೋನ್ ಮಾಡ್ತಾನಂತ, ನೀವು ರಾಣೇಬೆನ್ನೂರಿಗೆ ಹೋಗಬೇಕಂತ."

ಡಾಕಪ್ಪನ ಮಾತು ಮುಗಿಯುವ ಮೊದಲೇ ಸುತ್ತ ಜನ ಕೂಡಿದ್ದರು. ಇನ್ನಾಲಿಲ್ಲಾಹಿ ಎಂದು ಒಬ್ಬರು ಅಂದರು, ಆಮೇಲೆ ಎಲ್ಲರೂ ಅಂದರು. ಪಾಕ್ ಜಾಗದಲ್ಲಿ, ಪಾಕ್ ದಿನದಲ್ಲಿ, ಬಾಯಲ್ಲಿ ಮಕ್ಕಾದ ಪವಿತ್ರ ಬಾವಿಯ ಝಮ್‌ಝಮ್, ಇಂಥ ಸಾವು ಲಕ್ಷದಲ್ಲಿ ಒಬ್ಬರಿಗೂ ಸಿಗುವುದಿಲ್ಲವೆಂದು ಹಿರಿಯರೊಬ್ಬರು ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಈಗಷ್ಟೆ ಅಪ್ಪಿ ಹೋದವರು ತಿರುಗಿ ಬಂದು ಮತ್ತೆ ಅಪ್ಪಿಕೊಂಡರು. ಅವೇ ತೋಳು, ಅದೇ ಅತ್ತರಿನ ವಾಸನೆ, ಅದೇ ಮೂರು ಸಲ. ನಡುವೆ ಯಾರೋ ಬಾಯಿ ತಪ್ಪಿ ಮುಬಾರಕ್ ಎಂದುಬಿಟ್ಟರು. ಅಪ್ಪಿಕೊಂಡ ಒಂದೊಂದು ಎದೆಯ ಮೇಲಿಂದಲೂ ಅವನ ಕಣ್ಣು ಡಾಕಪ್ಪನನ್ನೇ ನೋಡುತ್ತಿತ್ತು. ನೀರು ಹಾಕುವಾಗ ಅವಳು ಕೂತಿದ್ದಳೋ ಮಲಗಿದ್ದಳೋ? ಹಲ್ಲು ಕಚ್ಚಿದ್ದಳೋ? ದಲಾಲಿ ಅಂಗಡಿಯಲ್ಲಿ ಚೀಲ ಹೊಲಿಯುವ ಈ ಮನುಷ್ಯನಿಗೆ ಅದೆಲ್ಲ ಗೊತ್ತಿರುತ್ತದೆ, ಕರೆದು ಕೇಳಿದರೆ ಹೇಳಿಬಿಡುತ್ತಾನೆ ಎಂಬ ಹುಚ್ಚು ಹೆದರಿಕೆಯಲ್ಲಿ ಅವನು ಡಾಕಪ್ಪ ಸೈಕಲ್ ಹತ್ತಿ ತಿರುವಿನಲ್ಲಿ ಮರೆಯಾಗುವವರೆಗೂ ಉಸಿರು ಬಿಡಲಿಲ್ಲ.

ಮೋಟೆಬೆನ್ನೂರಿನ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಧ್ಯಾಹ್ನದಿಂದ ಮುಂದಿನ ಬಾಂಗುಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದ. ತಾನಿಲ್ಲದೆಯೂ ಬ್ಯಾಡಗಿಯಲ್ಲಿ ಹೊತ್ತು ಸರಿಯುತ್ತದೆ ಎಂಬುದನ್ನು ಅವನು ಒಪ್ಪಿಕೊಳ್ಳಬೇಕಾಗಿ ಬಂದದ್ದು ಇದೇ ಮೊದಲು. ಲಗ್ನವಾದ ಮೂರನೆಯ ವರ್ಷ ಸೈದಾಬಿ ಒಲೆಯ ಮುಂದೆ ಕೂತವಳು ಮುಖ ಮೇಲೆತ್ತಿ, ಯಾರ ಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದಾರೆ ಎಂದು ಕೇಳಿದ್ದಳು. ಬ್ಯಾಡಗಿಯಲ್ಲಿ ಅದೇನು ಕೇಳುವ ಮಾತೇ? ಅವನು ನಕ್ಕಿದ್ದ. ನಗು ಮುಗಿಯುವುದರೊಳಗೆ ಅವಳು ನೆಲದ ಮೇಲೆ ಬಿದ್ದು ಕೈಕಾಲು ಬಡಿಯುತ್ತಿದ್ದಳು. ಆಮೇಲಿನ ಇಪ್ಪತ್ತು ವರ್ಷದಲ್ಲಿ ಅವಳೊಬ್ಬಳಿಗೇ ಆ ವಾಸನೆ ಬಂದಾಗಲೆಲ್ಲ ಅವಳು ಅವನ ಕಡೆಗೆ ನೋಡುತ್ತಿದ್ದಳು, ಅವನು ಎದ್ದು ಬಾಗಿಲು ಹಾಕುತ್ತಿದ್ದ. ಎಡ ಮಗ್ಗುಲಿಗೆ ಹೊರಳಿಸುವುದು. ತಲೆಯ ಕೆಳಗೆ ಶಾಲು. ಜೊಲ್ಲು ತಾನಾಗಿ ಹೊರಗೆ ಹರಿಯಲು ಬಿಡುವುದು. ಹಾವೇರಿಯ ಅಂಜಿನಪ್ಪ ಡಾಕ್ಟರು ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು: "ಬಾಯಾಗ ಚಮಚ ಇಡಬ್ಯಾಡ್ರಿ. ನೀರು ಅಂತೂ ಹನಿ ಸುದ್ದಾ ಹಾಕಬ್ಯಾಡ್ರಿ, ಉಸಿರಿನ ಕೊಳವಿಗೆ ಹೋಗತೈತಿ. ಎದ್ದು ಕುಂತು, ನಿಮ್ಮ ಹೆಸರು ಹಿಡದು ಕರದ ಮ್ಯಾಲೆ ನೀರು." ಹೆಸರು ಹಿಡಿದು ಅವಳು ಅವನನ್ನು ಎಂದೂ ಕರೆದವಳಲ್ಲ. ಎಚ್ಚರವಾದ ಮೇಲೆ ಸೆರಗು ಹುಡುಕುತ್ತಿದ್ದಳು. ಅದೇ ಅವನಿಗೆ ಗುರುತು.

ಬ್ಯಾಡಗಿಯಲ್ಲಿ ಡಾಕ್ಟರಿದ್ದರೂ ಹಾವೇರಿಗೆ ಹೋಗುತ್ತಿದ್ದದ್ದು ಯಾರಿಗೂ ಗೊತ್ತಾಗಬಾರದೆಂದು. ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು. ಹೊತ್ತು ತಪ್ಪಬಾರದು. ಮನೆಯಲ್ಲಿ ಗಡಿಯಾರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಸುಕಿನ ಫಜರಿನ ಬಾಂಗು ಕೊಟ್ಟು ಅವನು ಮಸೀದಿಯ ಮೆಟ್ಟಿಲು ಇಳಿಯುವಾಗ ನಾಲ್ಕು ಮನೆ ಆಚೆ ಸೈದಾಬಿ ತಂಬಿಗೆ ಎತ್ತಿ ಗುಳಿಗೆ ನುಂಗುತ್ತಿದ್ದಳು, ರಾತ್ರಿಯ ಇಶಾದ ಬಾಂಗಿಗೆ ಇನ್ನೊಂದು. ಊರಿನವರನ್ನೆಲ್ಲ ಅಲ್ಲಾಹನ ಕಡೆಗೆ ಕರೆಯುವ ದನಿಯಲ್ಲಿ ಒಂದು ಎಳೆ ತನ್ನ ಹೆಂಡತಿಗೆಂದೇ ಇದೆ ಎಂದು ಅವನು ಒಳಗೊಳಗೆ ಸುಖಪಡುತ್ತಿದ್ದ. ಜ್ವರ ಬಂದ ದಿನವೂ ಎದ್ದು ಹೋಗಿ ಬಾಂಗು ಕೊಟ್ಟದ್ದನ್ನು ಜನ ಅವನ ಭಕ್ತಿಯೆಂದು ತಿಳಿದರು. ಆ ಹೊಗಳಿಕೆಯನ್ನೂ ಅವನು ಬೇಡ ಎನ್ನಲಿಲ್ಲ.

ಬಸ್ಸು ಹೆದ್ದಾರಿಗೆ ಬಂದು ವೇಗ ಹಿಡಿಯಿತು. ಅಗಡಿಯ ಆ ಮದುವೆ ಯಾಕೆ ಈಗ ನೆನಪಾಗಬೇಕು? ಊಟದ ಪಂಕ್ತಿಯಲ್ಲಿ ಸೈದಾಬಿ ತಟ್ಟನೆ ಮುಖ ಎತ್ತಿ ಅವನನ್ನು ಹುಡುಕಿದ್ದಳು. ರಟ್ಟೆ ಹಿಡಿದು, ಹೆಚ್ಚು ಕಡಿಮೆ ಎಳೆದುಕೊಂಡೇ ಮನೆಯ ಹಿಂದಿನ ಬಣವೆಯ ಮರೆಗೆ ಒಯ್ದಿದ್ದ. ಎಲ್ಲ ಮುಗಿದು ಅವಳು ತುಟಿ ಕಚ್ಚಿಕೊಂಡ ಗಾಯದಿಂದ ರಕ್ತ ಸುರಿಸುತ್ತ ಅಳುತ್ತಿದ್ದಾಗ, ದನಕ್ಕೆ ಮೇವು ಒಯ್ಯಲು ಬಂದ ಆ ಮನೆಯ ಆಳು ಚೌಡವ್ವ ಕಂಡುಬಿಟ್ಟಳು. "ಹೊಡದೀಯೇನೋ? ಮದುವಿ ಮನ್ಯಾಗ ಹೆಂಡ್ತಿ ಬಾಯಿ ಒಡದೀಯೇನೋ, ನಿನ್ನ ಕೈಗೆ ಹುಳ ಬೀಳಲಿ! ಅಲ್ಲಾ ಅಲ್ಲಾ ಅಂತ ಒದರೋದು ಆ ಬಾಯಿಲೆ, ಮಾಡೋದು ಇದು!" ಎಂದು ಬುಟ್ಟಿ ಕುಕ್ಕಿ ನಾಲ್ಕು ಮಂದಿಗೆ ಕೇಳುವಂತೆ ಬೈದಳು. ಸೈದಾಬಿ ಏನೋ ಹೇಳಲು ಬಾಯಿ ತೆರೆದಳು. ಅವನು ಅವಳ ಕೈಯನ್ನು ಒತ್ತಿ ಹಿಡಿದ. "ಸಿಟ್ಟು ಬಂದಿತ್ತವ್ವಾ, ತಪ್ಪಾತು," ಎಂದ. ಹೆಂಡತಿಯನ್ನು ಹೊಡೆಯುವವನು ಎಂದು ಅಗಡಿಯಲ್ಲಿ ಇವತ್ತಿಗೂ ಅವನಿಗೆ ಹೆಸರಿದೆ. ಮೂರ್ಛೆ ಹೆಂಗಸಿನ ಗಂಡ ಅನ್ನಿಸಿಕೊಳ್ಳುವುದಕ್ಕಿಂತ ಅದು ಲೇಸೆಂದು ಅವತ್ತು ಅನ್ನಿಸಿತ್ತು. ಮನೆ ಮುಟ್ಟಿದ ಮೇಲೆ ಒಂದೇ ಮಾತು ಕೇಳಿದಳು: "ನನ್ನ ಸಲುವಾಗಿ ನಾಚಿಗೊಂಡ್ರೋ, ನಿಮ್ಮ ಸಲುವಾಗೋ?"

ಹನೀಫನ ಮನೆ ರಾಣೇಬೆನ್ನೂರಿನಲ್ಲಿ ಅವನ ಪಂಪ್‌ಸೆಟ್ ರಿಪೇರಿ ಅಂಗಡಿಯ ಹಿಂದೆಯೇ ಇತ್ತು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಕಂಡು ಅವನಿಗೆ ಒಳಗೆ ಹೋಗುವುದು ಕಷ್ಟವಾಯಿತು. ಹನೀಫನ ಹೆಂಡತಿ ಮುಮ್ತಾಜಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದುರು ಬಂದಳು. "ಬರ್ರಿ ದೂಲಾಭಾಯಿ," ಎಂದು ಗಂಡನ ಭಾವನಿಗೆ ಚಾಪೆ ಹಾಸಿದಳು. ಮೂಲೆಯಲ್ಲಿ ಅತ್ತೆ ಕುಲ್ಸುಮಬಿ ಎರಡೂ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಹಜ್ಜಿಗೆ ಮಗನ ಜೊತೆ ಹೋಗಬೇಕಾದವಳು ಅವಳೇ. ಅರ್ಜಿ ತುಂಬುವ ಹೊತ್ತಿಗೆ ಕಾಲು ಸೋತವು. ಹೆಂಗಸು ಗಂಡನೋ ತೀರ ಹತ್ತಿರದ ರಕ್ತಸಂಬಂಧಿಯೋ ಜೊತೆಗಿಲ್ಲದೆ ಹಜ್ಜಿಗೆ ಹೋಗುವಂತಿಲ್ಲ, ಹೇಗೂ ತಮ್ಮ ಹೋಗುತ್ತಿದ್ದಾನೆ, ಮಗಳಾದರೂ ಹೋಗಿ ಬರಲಿ ಎಂದು ಸೈದಾಬಿಯ ಹೆಸರು ಬರೆಸಿದ್ದಳು.

"ನನ್ನ ಜಾಗಾ ಅಕಿಗೆ ಕೊಟ್ಟೆ, ಬೇಟಾ," ಎಂದಳು ಮುದುಕಿ. ಕಣ್ಣಲ್ಲಿ ನೀರಿರಲಿಲ್ಲ. "ನನ್ನ ಸಾವೂ ಅಕೀನ ತಗೊಂಡ್ಲು. ಇಷ್ಟು ಚಲೋ ಸಾವು ನನಗ ಬರೂದಿತ್ತೋ ಏನೋ. ಹೊಟ್ಟಿಕಿಚ್ಚು ಆಗತೈತಿ ನೋಡು, ಮಗಳ ಮ್ಯಾಲೆ."

"ಹಂಗ ಅನ್ನಬ್ಯಾಡ್ರಿ ಅಮ್ಮಾ," ಎಂದು ಮುಮ್ತಾಜಬಿ ಅವಳ ಬೆನ್ನು ಸವರಿದಳು. ಆಮೇಲೆ ಅವನ ಕಡೆ ತಿರುಗಿ ದನಿ ತಗ್ಗಿಸಿದಳು. "ಅವ್ರು ಫೋನಿನ್ಯಾಗ ಭಾಳ ಅತ್ರು, ದೂಲಾಭಾಯಿ. ಆಪಾನ್ನ ಬಿಸಲಾಗ ನಾನ ನಡಸಿದೆ, ನನ್ನ ಅಕ್ಕ ನನ್ನಿಂದ ಹೋದ್ಲು ಅಂತಾರ. ನೀರೊಂದು ಹಾಕಿದ್ನೆಲ್ಲಾ, ಅಷ್ಟ ನನಗ ಸಮಾಧಾನ ಅಂತಾರ. ಆಪಾನ ಚೀಲದಾಗ ಎಲಿ ಅಡಿಕಿ ಡಬ್ಬ್ಯಾಗ ಬಿಳೀ ಗುಳಿಗಿ ಸಿಕ್ಕಾವಂತ. ಏನ ಗುಳಿಗಿ, ನಿಮ್ಮನ್ನ ಕೇಳಬೇಕು ಅಂದ್ರು. ಅದಕ್ಕ ಐದಕ್ಕ ಮಾಡ್ತಾರ."

ಅವನು ಹೂಂ ಎಂದ. ಗುಳಿಗೆಗಳನ್ನು ಹೆಸರಿದ್ದ ಕಾಗದದಿಂದ ಬಿಡಿಸಿ ಆ ಡಬ್ಬಿಗೆ ಸುರಿದವನು ಅವನೇ. ಅವತ್ತು ಸೈದಾಬಿ ಎದುರು ಕೂತು ಎಣಿಸುತ್ತಿದ್ದಳು, ನಡುವೆ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಅವನೂ ಮುಮ್ತಾಜಬಿಯೂ ನಾಲ್ಕೂವರೆಗೇ ಮೈಲಾರೆಪ್ಪನ ಅಂಗಡಿಗೆ ಹೋಗಿ ಕೂತರು. ಹತ್ತಿ, ಜೋಳ, ಬೆಂಡೆ ಬೀಜದ ಚೀಲಗಳ ನಡುವೆ ಒಂದು ಮೇಜು, ಅದರ ಮೇಲೆ ಕಪ್ಪು ಫೋನು. ಮೈಲಾರೆಪ್ಪ ಯಾವಾಗಲೂ ನಗಿಸುವ ಮನುಷ್ಯ. ಇವತ್ತು ಏನು ಮಾತಾಡಬೇಕೆಂದು ತಿಳಿಯದೆ ಫೋನಿನ ಧೂಳನ್ನು ಎರಡು ಸಲ ಒರೆಸಿದ. ಐದಾಯಿತು. ಐದೂಕಾಲು. ಫೋನಿನ ಗಂಟೆ ಹೊಡೆದಾಗ ಮೂವರೂ ಎದ್ದು ನಿಂತರು. ಹೊನ್ನಾಳಿಯಿಂದ ಯಾರೋ ಮೆಕ್ಕೆಜೋಳದ ಬೀಜ ಬಂತೇ ಎಂದು ಕೇಳಿದರು. "ಬಂದಿಲ್ಲೋ ಮಾರಾಯಾ, ಫೋನ್ ಇಡು, ಇಲ್ಲೆ ಜೀವದ ಮಾತು ನಡದೈತಿ," ಎಂದು ಮೈಲಾರೆಪ್ಪ ಇಟ್ಟ. ಐದೂಮುಕ್ಕಾಲಿಗೆ ಅವನು ಹಣೆ ಬಡಿದುಕೊಂಡ. "ಅಯ್ಯ, ಎಂಥಾ ದಡ್ಡ ನಾನು! ಐದು ಅಂದ್ರ ಅಲ್ಲೀ ಐದು ಅಲ್ರೀ? ಹನೀಫ ಅಲ್ಲೀ ಗಡಿಯಾರ ನೋಡಿ ಹೇಳ್ಯಾನ. ಅವರದು ನಮಗಿಂತ ಹಿಂದ ನಡೀತೈತಿ. ಎಷ್ಟ್ರೀ, ಎರಡು ತಾಸೇನು?"

"ಎರಡೂವರಿ," ಎಂದ ಶಮಶೇರಸಾಬ.

ಆ ಲೆಕ್ಕ ಅವನಿಗೆ ಕಲಿಸಿದವರು ಅಂಜಿನಪ್ಪ ಡಾಕ್ಟರು. ಹೊರಡುವ ಹದಿನೈದು ದಿನ ಮೊದಲು ಹಾವೇರಿಗೆ ಹೋದಾಗ ಅವರು ಮೇಜಿನ ಮೇಲೆ ಒಂದು ಲಿಂಬೆಹಣ್ಣು ಇಟ್ಟು, ಇದು ಭೂಮಿ, ಇದು ಬ್ಯಾಡಗಿ, ಇದು ಮಕ್ಕಾ ಎಂದು ಪೆನ್ನಿನಿಂದ ಚುಕ್ಕೆ ಇಟ್ಟಿದ್ದರು. "ಅಲ್ಲಿ ಹೊತ್ತು ಎರಡೂವರಿ ತಾಸು ಹಿಂದ ಐತ್ರೀ. ವಿಮಾನ ಸೂರ್ಯನ ಹಿಂದ ಓಡತೈತಿ, ಆ ದಿನ ಹಗಲು ಜಗ್ಗತೈತಿ. ಅಲ್ಲಿ ಹೋದ ಮ್ಯಾಲೆ ನಿದ್ದಿಗೆಡೂದು, ಉಪಾಸ, ನಡಿಯೂದು. ಇವರಂಥಾವ್ರಿಗೆ ಅದ ಅಪಾಯ. ಅಕ್ಕಾರ ಕೈಯಾಗ ಒಂದು ಗಡಿಯಾರ ಕಟ್ಟಸ್ರಿ. ಅದನ್ನ ಅಲ್ಲಿ ಹೋದ್ರೂ ತಿರುವಬ್ಯಾಡ್ರಿ. ನಮ್ಮೂರ ಐದಕ್ಕ ಒಂದು ಗುಳಿಗಿ, ನಮ್ಮೂರ ಎಂಟಕ್ಕ ಒಂದು. ಬಿಸಲು ಇರಲಿ, ಕತ್ತಲಿರಲಿ. ಸಂಗತಿ ಇರಾವ್ರಿಗೆ ರೋಗ ಏನಂತ ಹೇಳಿಡ್ರಿ." ಇಷ್ಟು ಹೇಳಿ, ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟರು. ಹಾಜಿಗಳಿಗೆ ಸೂಜಿ ಚುಚ್ಚಿ ತಪಾಸಣೆ ಮಾಡುವ ಕಡೆ ಆ ಚೀಟಿ ಕಂಡರೆ ಪಟ್ಟಿಯಿಂದ ಹೆಸರು ತೆಗೆದುಹಾಕುತ್ತಾರೆಂದು ಅವನು ಅದನ್ನು ಹರಿದು ಬಸ್ ನಿಲ್ದಾಣದಲ್ಲಿ ಚೆಲ್ಲಿದ. ಗಡಿಯಾರದ ಮಾತು ಅವನಿಗೆ ಅಪಮಾನದ ಹಾಗೆ ನಾಟಿತ್ತು. ಇಪ್ಪತ್ತು ವರ್ಷ ತಪ್ಪದ ಬಾಂಗಿಗಿಂತ ಒಂದು ಕೀಲಿ ಕೊಡುವ ಡಬ್ಬಿ ಹೆಚ್ಚೇ? "ಫಜರಿಗೊಂದು, ಇಶಾಕ್ಕೊಂದು, ಇಲ್ಲಿ ಹ್ಯಾಂಗೋ ಹಂಗ," ಎಂದು ಸೈದಾಬಿಗೆ ಹೇಳಿದ. "ಬಾಂಗು ಕೇಳದ ಜಾಗಾದಾಗ?" ಎಂದಿದ್ದಳು ಅವಳು. "ಹುಚ್ಚಿ, ಆ ಊರಾಗ ಬಾಂಗು ಕೇಳದ ಜಾಗಾ ಎಲ್ಲೈತಿ?" ಎಂದು ನಕ್ಕಿದ್ದ. ಹನೀಫನಿಗೆ ಹೇಳುವುದಿಲ್ಲವೆಂದು ಕುರಾನಿನ ಮೇಲೆ ಅವಳ ಕೈ ಇಡಿಸಿದ್ದ. ಇಡುವಾಗ ಅವಳ ಬೆರಳು ತಣ್ಣಗಿದ್ದವು.

ಹೊರಗೆ ರಸ್ತೆಯಲ್ಲಿ ಹಬ್ಬದ ಹೊಸ ಅಂಗಿಯ ಗಂಡಸರು ಗುಂಪು ಗುಂಪಾಗಿ ಹೋಗುತ್ತಿದ್ದರು. ಕೆಲವರು ಅಂಗಡಿಯೊಳಗೆ ಇಣುಕಿ ಎದೆಯ ಮೇಲೆ ಕೈ ಇಟ್ಟು ಸಲಾಂ ಮಾಡುತ್ತಿದ್ದರು, ಪುಣ್ಯವಂತೆಯ ಗಂಡನಿಗೆ. ಅವನು ಒಬ್ಬೊಬ್ಬರಿಗೂ ಸಲಾಂ ತಿರುಗಿ ಕೊಟ್ಟ. ಮಕ್ಕಾದಿಂದ ಅವಳ ಪತ್ರ ಬಂದು ಇಪ್ಪತ್ತು ದಿನವಾಗಿತ್ತು. ಸೈದಾಬಿ ಹೇಳಿದ್ದು, ಹನೀಫ ಬರೆದದ್ದು. ವಿಮಾನ ಬೊಂಬಾಯಿಯಲ್ಲೇ ತಡವಾಯಿತು, ಹೊರಟ ಮೇಲೆ ಹೊತ್ತು ಮುಳುಗಲೇ ಇಲ್ಲ, ಸಂಜೆಯ ಮಗರಿಬ್ ಬರಲಿ ಬರಲಿ ಎಂದು ಕಾದು ಸಾಕಾಯಿತು. ಇಶಾಕ್ಕಂತೂ ಇನ್ನೂ ದೂರ. ಕೂತಲ್ಲಿ ನನಗೆ ಮೆಣಸಿನಕಾಯಿ ಹುರಿದ ವಾಸನೆ ಬಂತು, ಹನೀಫ ನಕ್ಕ. ಇಳಿದು ನಮಾಜು ಮಾಡಿದ ಮೇಲೆ ಆರಾಮಾಯಿತು. ನಿಮ್ಮ ಬಾಂಗು ಇಲ್ಲಿ ತಡವಾಗಿ ಕೇಳುತ್ತದೆ, ಏನು ಮಾಡಲಿ ಬರೆಯಿರಿ. ಹನೀಫನ ದುಂಡಗಿನ ಅಕ್ಷರದಲ್ಲಿ ಆ ಮಾತು ಹೆಂಡತಿಯ ಬಿನ್ನಾಣದ ಹಾಗೆ ಕಾಣುತ್ತಿತ್ತು. ಶಮಶೇರಸಾಬ ಮಾತ್ರ ಓದಿದ ಕೂಡಲೇ ಕಾಗದ ಮಡಚಿ ಎದ್ದಿದ್ದ. ತಾರು ಕೊಡಬೇಕೆಂದು ಅಂಚೆ ಕಚೇರಿಯವರೆಗೆ ಹೋದ. ಗುಳಿಗೆಯನ್ನು ಗಡಿಯಾರ ನೋಡಿ ತೆಗೆದುಕೋ, ನಾಲ್ಕೇ ಮಾತು. ಕಿಟಕಿಯೊಳಗಿನ ಗುಮಾಸ್ತ ಫಾರಂ ಚಾಚಿ, "ಏನ್ ಬರೀಲಿ ಸಾಹೇಬ್ರ, ಅಮ್ಮಾರು ಆರಾಮ ಅದಾರಲ್ಲ?" ಎಂದ. ಹಿಂದೆ ಮೂವರು ನಿಂತಿದ್ದರು. "ಆರಾಮ ಅದಾಳ," ಎಂದು ಶಮಶೇರಸಾಬ ಒಂದು ಇನ್‌ಲ್ಯಾಂಡ್ ಕಾಗದ ಕೊಂಡು ಮನೆಗೆ ಬಂದ. ಅದು ಆ ದೇಶಕ್ಕೆ ಹೋಗುವ ಕಾಗದವೂ ಆಗಿರಲಿಲ್ಲ.

ಆದರೂ ತಾನು ಒಂದನ್ನು ಇನ್ನೂ ನೋಡಿಲ್ಲ, ಅದು ಬದಿಯಲ್ಲೇ ನಿಂತು ತನ್ನನ್ನು ನೋಡುತ್ತಿದೆ ಎಂದು ಬೆಳಗಿನಿಂದ ಅನ್ನಿಸುತ್ತಿತ್ತು. ಸಂಜೆ ಏಳರ ಸುಮಾರಿಗೆ ರಾಣೇಬೆನ್ನೂರಿನ ಮಸೀದಿಯಿಂದ ಮಗರಿಬ್ ಬಾಂಗು ಕೇಳಿತು. ಫೋನು ಬಿಟ್ಟು ಹೋಗುವಂತಿರಲಿಲ್ಲ. ಮೈಲಾರೆಪ್ಪ ತಾನಾಗಿಯೇ ಎದ್ದು ಚೀಲಗಳನ್ನು ಸರಿಸಿ, ತೊಳೆದ ಗೋಣಿತಟ್ಟು ಹಾಸಿ, ಯಾವ ಕಡೆ ಪಡುವಣವೆಂದು ತಾನೇ ತೋರಿಸಿ, ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟದ ದೀಪಕ್ಕೆ ಕೈ ಮುಗಿದು ಹೊರಗೆ ಹೋಗಿ ನಿಂತ. ಶಮಶೇರಸಾಬ ಮೂರು ರಕಾತಿಗೆ, ಮೂರು ಸುತ್ತಿನ ನಮಾಜಿಗೆ, ನಿಯತ್ತು ಕಟ್ಟಿದ. ಹಣೆ ನೆಲಕ್ಕೆ ಮುಟ್ಟಿದಾಗ ಅದು ಕಂಡಿತು. ಮೊನ್ನೆಯದು ಅಲ್ಲಿ ಹಜ್ಜಿನ ದೊಡ್ಡ ದಿನ. ಅರಾಫಾತಿನ ಬಯಲಿನ ಆ ಸಂಜೆ ಹಾಜಿಗಳು ಮಗರಿಬ್ ಓದುವುದಿಲ್ಲ. ದಾರಿಯಲ್ಲೂ ಓದುವುದಿಲ್ಲ. ರಾತ್ರಿ ತಂಗುವ ಮುಜ್ದಲಿಫಾ ಮುಟ್ಟಿದ ಮೇಲೆ, ಎಷ್ಟೇ ಹೊತ್ತಾಗಲಿ, ಮಗರಿಬ್ ಮತ್ತು ಇಶಾ ಎರಡನ್ನೂ ಕೂಡಿಸಿ ಓದುತ್ತಾರೆ. ಅದನ್ನು ಅವಳಿಗೆ ಕಲಿಸಿದವನು ಅವನೇ. ಹಜ್ಜಿನ ಕ್ರಮದ ಪುಸ್ತಕವನ್ನು ಎದುರಿಗಿಟ್ಟು, ಎರಡೆರಡು ಸಲ ಓದಿಸಿ, ತಿರುಗಿ ಒಪ್ಪಿಸಿಕೊಂಡಿದ್ದ. ಆ ದಿನ ಇಶಾ ತಡ, ನೆನಪಿಟ್ಟುಕೋ, ಅವಸರ ಮಾಡಿ ದಾರಿಯಲ್ಲಿ ಓದಬೇಡ. ಅವಳು ತಲೆಯಾಡಿಸಿ, ಇಶಾ ತಡ, ಎಂದು ಶಾಲೆಯ ಹುಡುಗಿಯ ಹಾಗೆ ಹೇಳಿದ್ದಳು. ಹೇಳಿದ ಮಾತು ಮೀರುವವಳಲ್ಲ. ಡಬ್ಬಿ ಅವಳ ಮಡಿಲ ಚೀಲದಲ್ಲೇ ಇತ್ತು. ಫಜರಿನಿಂದ ಬಿಸಿಲು, ನಿದ್ದೆಯಿಲ್ಲ, ಬಸ್ಸು ನಿಂತಲ್ಲೇ ನಿಂತಿದೆ, ಅವಳು ಇಶಾಕ್ಕೆ ಕಾಯುತ್ತಿದ್ದಾಳೆ. ಅವನು ಸಜದಾದಿಂದ ಏಳುವುದನ್ನೇ ಮರೆತ. ಎಷ್ಟು ರಕಾತು ಆಯಿತೆಂದು ತಿಳಿಯದೆ ನಮಾಜನ್ನು ಮುರಿದು ಮತ್ತೆ ಮೊದಲಿನಿಂದ ಕಟ್ಟಿದ.

ಏಳೂವರೆಗೆ ಸರಿಯಾಗಿ ಫೋನಿನ ಗಂಟೆ ಹೊಡೆಯಿತು. ಮೈಲಾರೆಪ್ಪ ಎತ್ತಿ, ಕಿವಿಗೊಟ್ಟು, ಅವನ ಕೈಗೆ ಕೊಟ್ಟ. ಮುಮ್ತಾಜಬಿ ಬಂದು ಮೇಜಿನ ಅಂಚು ಹಿಡಿದುಕೊಂಡಳು.

"ದೂಲಾಭಾಯಿ, ನಾ ಹನೀಫ್." ದನಿ ದೂರದ ಬಾವಿಯೊಳಗಿಂದ ಬಂದ ಹಾಗಿತ್ತು. "ಮಾಫ್ ಮಾಡ್ರಿ ದೂಲಾಭಾಯಿ. ನನ್ನ ಕೈಗೆ ಒಪ್ಪಿಸಿದ ನಿಮ್ಮ ಅಮಾನತ್ ತಿರುಗಿ ತರಲಿಲ್ಲ."

"ಹೇಳಪಾ. ಹ್ಯಾಂಗಾತು ಹೇಳು."

"ಹೊತ್ತು ಮುಳಗಿದ ಮ್ಯಾಲೆ ಬಸ್ಸು ಬಿಟ್ಟಿತ್ರೀ. ಹಾದಿ ತುಂಬ ಬಸ್ಸು. ಮುಜ್ದಲಿಫಾ ಮುಟ್ಟೂದ್ರಾಗ ರಾತ್ರಿ ಒಂದಾಗಿತ್ತು. ಬಸ್ಸಿನ್ಯಾಗ ಆಪಾ ಅಂದ್ಲು, ಯಾರೋ ಮೆಣಸಿನಕಾಯಿ ಹುರ್ಯಾಕತ್ತಾರ ಅಂತ. ಎಲ್ಲಾರೂ ನಕ್ವಿ. ಬ್ಯಾಡಗಿ ಬಿಟ್ಟು ಬಂದ್ರೂ ನಿನ್ನ ಮೂಗು ಬ್ಯಾಡಗ್ಯಾಗ ಉಳದೈತಿ ಅಂತ ನಾನೂ ಚಾಷ್ಟಿ ಮಾಡಿದೆ. ಇಳದು ಕೈಕಾಲು ಮುಖ ತೊಳದು ವಜೂ ಮಾಡಾಕ ಕುಂತ್ಲು. ಕುಂತಾಕಿ ಹಂಗ ಹಿಂದಕ ಬಿದ್ಲು. ಕೈಕಾಲು ಸೆಟದು ಬಿಟ್ವು. ಬಿಸಲು ಹೊಡದೈತಿ ಅಂತ ತಿಳದ್ವಿ. ಅಂಗಾತ ಮಲಗಿಸಿ, ಹಲ್ಲು ಕಚ್ಚಿದ್ಲು, ಬಾಯಿ ಬಿಡಸಿ, ಝಮ್‌ಝಮ್ ಹಾಕಿದೆ. ಎರಡು ಗುಟುಕು ಹೋತು ನೋಡ್ರಿ. ಆಮ್ಯಾಲೆ ಸುಮ್ಮನಾದ್ಲು."

ಶಮಶೇರಸಾಬ ಕಣ್ಣು ಮುಚ್ಚಿದ. ಅವನ ಎಡಗೈ ತಾನಾಗಿಯೇ ಗಾಳಿಯಲ್ಲಿ ಏನನ್ನೋ ಮಗ್ಗುಲಿಗೆ ಹೊರಳಿಸುವ ಹಾಗೆ ಅಲುಗಿತು.

"ಚೀಲದಾಗ ಗುಳಿಗಿ ಇದ್ವು, ದೂಲಾಭಾಯಿ. ಇಲ್ಲಿ ಡಾಕ್ಟ್ರು ಕೇಳಾಕತ್ತಾರ. ಏನ ಗುಳಿಗಿ?"

ತಲೆನೋವಿನದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇಪ್ಪತ್ತು ವರ್ಷ ಹೇಳಿ ಹೇಳಿ ನುಣುಪಾದ ಮಾತು. ಅದನ್ನು ಹೇಳಿದರೆ ನಾಳೆ ಬ್ಯಾಡಗಿಗೆ ಹೋಗಿ ಪುಣ್ಯವಂತೆಯ ಗಂಡನಾಗಿ ಉಳಿದ ದಿನಗಳನ್ನು ಕಳೆಯಬಹುದು. ಹನೀಫ ಬಿಸಿಲಿನಲ್ಲಿ ನಡೆಸಿದೆನೆಂದು ಸಾಯುವವರೆಗೆ ಅಳುತ್ತಾನೆ. ನಿಜ ಹೇಳಿದರೆ ಅವನು ತಾನು ಹಾಕಿದ ಆ ನೀರಿನ ಪ್ರಶ್ನೆಯವರೆಗೂ ಹೋಗಿಬಿಡುತ್ತಾನೆ.

"ಅಕಿಗೆ ಮೂರ್ಛಿ ಬರ್ತಿತ್ತು, ಹನೀಫಾ," ಎಂದ. "ಇಪ್ಪತ್ತು ವರ್ಷಾತು."

"ಹಾಯ್ ಅಲ್ಲಾ," ಎಂದಳು ಮುಮ್ತಾಜಬಿ.

"ಯಾರಿಗೂ ಹೇಳಬ್ಯಾಡ ಅಂತ ನಾನ ಆಣಿ ಹಾಕಿಸಿದ್ದೆ. ಗಡಿಯಾರ ನೋಡಿ ಗುಳಿಗಿ ತಗೋಬೇಕು ಅಂತ ಡಾಕ್ಟ್ರು ಅಂದ್ರು. ಬಾಂಗು ಕೇಳಿ ತಗೋ ಅಂತ ನಾ ಅಂದೆ. ಅವತ್ತ ಇಶಾ ತಡ ಆಗತೈತಿ ಅಂತ ನನಗ ಗೊತ್ತಿತ್ತು. ಅಕಿ ನನ್ನ ಮಾತು ಕೇಳಿ ಗುಳಿಗಿ ಮಡಿಲಾಗ ಇಟಗೊಂಡು ಕುಂತ್ಲು."

ತಂತಿ ಕಡಿದುಹೋಗಿರಲಿ ಎಂದು ಅವನು ಆಸೆಪಟ್ಟ.

"ನನ್ನ ಕೈಯಾಗ ಗಡಿಯಾರ ಇತ್ತಲ್ರೀ," ಎಂದ ಹನೀಫ ಮೆಲ್ಲಗೆ. "ಹಗಲೂ ರಾತ್ರಿ ಅಕಿ ಮಗ್ಗಲದಾಗ ಇದ್ದೆ. ಒಂದು ಮಾತು. ನಾನೇನು ಹೊರಗಿನಾಂವ? ಅಕಿ ತಮ್ಮ ಅಲ್ಲೇನ್ರೀ?"

"ಹೌದಪಾ."

"ನಾನೂ ನಕ್ಕೆ, ದೂಲಾಭಾಯಿ. ಅಕಿ ಹೇಳಿದ್ಲು, ನಾ ನಕ್ಕೆ." ಅವನು ಅಳುತ್ತಿದ್ದ. ಆಮೇಲೆ ಅಳು ತಟ್ಟನೆ ನಿಂತಿತು. "ಹಂಗಾದ್ರ ಆ ನೀರು? ಮೂರ್ಛಿ ಬಂದಾವ್ರಿಗೆ ನೀರು ಹಾಕಬಾರ್ದು ಅಂತಾರಲ್ರೀ. ನಾ ಬಾಯಿ ಬಿಡಸಿ ಹಾಕಿದೆ. ಖರೇ ಹೇಳ್ರಿ, ನನ್ನ ನೀರಿನಿಂದ ಏನರ..."

ಶಮಶೇರಸಾಬ ಮೇಜಿನ ಮೇಲಿನ ಹತ್ತಿ ಬೀಜವೊಂದನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ. ಹುಟ್ಟಿದಾಗಿನಿಂದ ಅವನು ಅಲ್ಲಾಹನ ಹೆಸರನ್ನು ಎಷ್ಟು ಸಲ ಗಟ್ಟಿಯಾಗಿ ಕೂಗಿದ್ದಾನೋ.

"ಇಲ್ಲ," ಎಂದ. ದನಿ ಗಟ್ಟಿಯಾಗಿಯೇ ಇತ್ತು. "ನೀರು ಅಕಿಗೆ ಚಲೋನ ಆಗೈತಿ. ನಾನೂ ಮನ್ಯಾಗ ಅಂಥಾ ಹೊತ್ತಿನ್ಯಾಗ ನೀರು ಹಾಕತಿದ್ದೆ. ಆಗಿದ್ದೆಲ್ಲಾ ಗುಳಿಗಿ ತಡ ಆಗಿದ್ದಕ್ಕ. ನನ್ನಿಂದ ಆತು. ನೀರಿನಿಂದ ಏನೂ ಆಗಿಲ್ಲ."

"ಆಣಿ ಮಾಡ್ರಿ."

"ಅಲ್ಲಾನ ಆಣಿ."

"ಹಂಗಾದ್ರ ಆಪಾ ನೀರು ಕುಡದು ಹೋದ್ಲು," ಎಂದ ಹನೀಫ, ತನಗೆ ತಾನೇ. ಆಮೇಲೆ, "ನಿಮ್ಮ ಸಂಗತಿ ಮಾತಾಡಾಕ ಆಗವಲ್ದು ನನಗ. ಇಡತೇನಿ," ಎಂದು ಇಟ್ಟುಬಿಟ್ಟ.

ಅವನು ಫೋನನ್ನು ಅದರ ಜಾಗದಲ್ಲಿ ಇಡುವಾಗ ಮುಮ್ತಾಜಬಿ ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದಳು. ದೂಲಾಭಾಯಿ ಬರ್ರಿ ಎನ್ನಲಿಲ್ಲ. ಮೈಲಾರೆಪ್ಪ ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟ. ಅವನ ಮುಖ ನೋಡದೆ ಚೀಲಗಳನ್ನು ಮೊದಲಿನ ಜಾಗಕ್ಕೆ ಸರಿಸತೊಡಗಿದ. ಶಮಶೇರಸಾಬ ಹೊರಗೆ ಬಂದು ಹನೀಫನ ಮನೆಯವರೆಗೆ ನಡೆದ. ಬಾಗಿಲು ತೆರೆದಿತ್ತು. ಒಳಗೆ ಸೊಸೆ ತಗ್ಗಿದ ದನಿಯಲ್ಲಿ ಹೇಳುತ್ತಿರುವುದು, ನಡುವೆ ನಿಲ್ಲುವುದು, ಮತ್ತೆ ಹೇಳುವುದು ಕೇಳುತ್ತಿತ್ತು. ಆಮೇಲೆ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಕುಲ್ಸುಮಬಿ ಅಳುವುದು ಕೇಳಿಸಿತು. ಪುಣ್ಯವಂತೆಗಾಗಿ ಅಳುವ ಅಳು ಅದಾಗಿರಲಿಲ್ಲ. ಹೊಸ್ತಿಲು ದಾಟಬೇಕು, ಆ ಕಾಲುಗಳ ಹತ್ತಿರ ಕೂಡಬೇಕು, ಅವಳು ಏನು ಅಂದರೂ ಕೇಳಬೇಕು. ದಾಟುವ ಮೊದಲು ಅವನು ಗೋಡೆಯ ಬದಿಗೆ ನಿಂತು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದ. ಕಲಿತ ಅರಬಿ ದುವಾಗಳು ಒಂದೂ ಬರಲಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ ತುಟಿ ಅಲುಗಿದವು.

ಯಾ ಅಲ್ಲಾ, ನಿನ್ನ ಮನಿ ಹತ್ತರ ಮಲಗ್ಯಾಳ ಸೈದಾಬಿ. ಅಕೀನ ನಿನ್ನ ರಹಮತ್ತಿನ ನೆರಳಾಗ ಇಟಗೋ. ಆ ರಾತ್ರಿ ಅಕಿಗೆ ಓದಾಕ ಆಗದ ಎರಡು ನಮಾಜು ಓದ್ಯಾಳಂತ ತಿಳಕೋ. ಅಕಿ ಕಬರು ಅಗಲ ಮಾಡು, ಅದರಾಗ ಬೆಳಕು ಇಡು. ಕಬರಿನ್ಯಾಗ ಫರಿಸ್ತೆಗಳು ಸವಾಲು ಕೇಳೂದಿದ್ರ ನನ್ನನ್ನ ಕೇಳಲಿ, ನಾ ಬರೂತನಾ ತಡೀಲಿ. ಅಕಿ ಭಾಳ ದಣದಾಳ. ಅಕೀನ ಮಲಗಾಕ ಬಿಡು. ಆಮೀನ್.